ಯುನ್‌ತೈಶಾನ್: ಮಂಡಿ ನೋವಿನ ಅಮ್ಮನ ಜೊತೆ ಒಂದೇ ದಿನದಲ್ಲಿ ಆಗುತ್ತಾ?

ಮೇ ಕೊನೆಗೆ ಚೀನಾದ ಝೆಂಗ್‌ಝೌನಲ್ಲಿ ಕೆಲಸ ಇದೆ, ಅಮ್ಮನೂ ಬರ್ತಾರೆ. ಹತ್ತಿರದ ಯುನ್‌ತೈಶಾನ್ ಜಿಯೋಪಾರ್ಕ್ (ಬಂಡೆ, ಕಮರಿಗಳ ಬೆಟ್ಟಸಾಲು) ನೋಡೋ ಆಸೆ. ಅಮ್ಮನಿಗೆ ಮಂಡಿ ನೋವು. ಒಂದು ದಿನ ಸಾಕಾ? ಅಲ್ಲಿನ 314 ಮೀಟರ್ ಜಲಪಾತಕ್ಕಾಗಿಯೇ ಹೋಗಬಹುದಾ? ಹೋಗಿ ಬಂದವರು ಹೇಳಿ.

— ಒಂದು ದಿನ ಸಾಲಲ್ಲ, ಎರಡು ಇಟ್ಕೊಳ್ಳಿ. ರೈಲಲ್ಲಿ ಸುಮಾರು ಒಂದು ಗಂಟೆ, ಒಳಗೆ ಪಾರ್ಕಿನದೇ ಬಸ್ಸುಗಳು ಓಡಾಡ್ತವೆ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಟಿಕೆಟ್ಟಿಗೆ ಬೇಕು. ಬೆಳಗ್ಗೆ ಮೊದಲು ಹೊಂಗ್‌ಶಿ ಶಿಯಾ, ಅಂದ್ರೆ ಕೆಂಪು ಕಲ್ಲಿನ ಕಮರಿ. ಹತ್ತು ಗಂಟೆ ಆಯ್ತೋ, ಮುಂದಿನವರ ಬೆನ್ನು ನೋಡ್ಕೊಂಡೇ ನಡೀಬೇಕು. ದಾರಿಯನ್ನ ಬಂಡೆಯಲ್ಲೇ ಕೊರೆದಿದ್ದಾರೆ. ಕೆಲವು ಕಡೆ ತಲೆ ಬಗ್ಗಿಸಬೇಕು, ಮೇಲಿಂದ ತಣ್ಣನೆ ಹನಿ ಸೀದಾ ಕತ್ತಿನ ಹಿಂದೆ ಬೀಳುತ್ತೆ. ಕೆಳಗೆ ಹಸಿರು ನೀರು. ಗೋಡೆ ಮುಟ್ಟಿ ನೋಡಿ: ಹೊಳೆದಡದ ಮರಳಲ್ಲಿ ಇರುತ್ತಲ್ಲ, ಅದೇ ಅಲೆಗೆರೆ ಕಲ್ಲಾಗಿ ನಿಂತಿದೆ. ನೂರು ಕೋಟಿ ವರ್ಷಕ್ಕೂ ಹಳೇ ಮರಳು, ಕೆಂಪು ಬಂದಿದ್ದು ಕಬ್ಬಿಣದ ಅಂಶದಿಂದ. ನನ್ನ ಪ್ರಕಾರ ಯುನ್‌ತೈಶಾನ್ ಅಂದ್ರೆ ಇದೇ.

ಆದ್ರೆ ಅಮ್ಮನಿಗೆ ಬೇಡ. ಮೆಟ್ಟಿಲಿಳಿದು ಮತ್ತೆ ಹತ್ತಬೇಕು, ದಾರಿ ಏಕಮುಖ, ಅರ್ಧದಲ್ಲಿ ಸಾಕಾಯ್ತು ಅಂತ ವಾಪಸ್ ಬರೋ ಹಾಗಿಲ್ಲ. ಅವರಿಗೆ ತಾನ್‌ಪು ಕಮರಿ ಒಳ್ಳೇದು. ಹಳ್ಳದ ಪಕ್ಕದಲ್ಲೇ ನಡಿಗೆ, ಹೆಜ್ಜೆಹೆಜ್ಜೆಗೂ ನೀರಿನ ಗುಂಡಿ, ಸಣ್ಣ ಸಣ್ಣ ಝರಿ. ಎಲ್ಲಿ ಬೇಕಾದ್ರೂ ಕೂತು ವಾಪಸ್ ಬರಬಹುದು.

— ಜಲಪಾತಕ್ಕಾಗಿಯೇ ಹೋಗ್ಬೇಡಿ. ನಾನು ಏಪ್ರಿಲ್‌ನಲ್ಲಿ ಹೋಗಿದ್ದೆ, ಎತ್ತರ ಭರ್ಜರಿ, ನೀರು ಮಾತ್ರ ದಾರದೆಳೆ. 2024ರ ಜೂನ್‌ನಲ್ಲಿ ಒಬ್ಬರು ಮೇಲೆ ಹತ್ತಿ ವಿಡಿಯೋ ಮಾಡಿದ್ರಲ್ಲ, ಜಲಪಾತದ ನೆತ್ತಿಯಲ್ಲಿ ಪೈಪು! ನೀರು ಕಡಿಮೆ ಇರೋ ಕಾಲದಲ್ಲಿ ಬಂದವರಿಗೆ ನಿರಾಸೆ ಆಗಬಾರದು ಅಂತ ಸ್ವಲ್ಪ ನೀರು ಸೇರಿಸ್ತೀವಿ ಅಂತ ಆಡಳಿತದವರೂ ಒಪ್ಪಿಕೊಂಡ್ರು. ಲಿಂಗನಮಕ್ಕಿ ಬಾಗಿಲು ಹಾಕಿದಾಗ ಜೋಗ ನೋಡಿದವರಿಗೆ ಇದೇನು ದೊಡ್ಡ ಆಘಾತ ಅಲ್ಲ ಬಿಡಿ. ತುಂಬಿ ಬೀಳೋದು ನೋಡಬೇಕಾದ್ರೆ ಜುಲೈ–ಆಗಸ್ಟ್. ಆಗ ಜೋರು ಮಳೆ ಬಂದ್ರೆ ಕಮರಿಗಳನ್ನೇ ಮುಚ್ತಾರೆ, ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ.

— ನಡೆಯೋಕಾಗದವರಿಗೆ ಝೂಯು ಶಿಖರವೂ ಆಗುತ್ತೆ. ಸುರಂಗದ ಮೇಲೆ ಸುರಂಗ ದಾಟಿ ಬಸ್ಸೇ ಮೇಲೆ ಹತ್ತುತ್ತೆ, ಕಿಟಕಿ ಪಕ್ಕ ಕೂತ್ರೆ ಅರ್ಧ ದುಡ್ಡು ವಸೂಲಿ. ತುದಿಗೆ ಮಾತ್ರ ಮೆಟ್ಟಿಲು. ಗಾಜಿನ ದಾರಿ ನಾನು ಹತ್ತಲಿಲ್ಲ. 2015ರಲ್ಲಿ ಅಲ್ಲಿ ಗಾಜಿನ ಒಂದು ಪದರ ಬಿರುಕು ಬಿಟ್ಟ ಸುದ್ದಿ ಓದಿದ್ದೆ, ಕಾಲು ಮುಂದೆ ಹೋಗ್ಲೇ ಇಲ್ಲ.

— ಅಕ್ಟೋಬರ್ ಮೊದಲ ವಾರ ಯಾರೂ ಹೋಗ್ಬೇಡಿ, ಚೀನಾಕ್ಕೆ ಚೀನಾನೇ ರಜೆ. ಫೋನಲ್ಲೇ ದುಡ್ಡು ಕೊಡೋ ಅಲ್ಲಿನ ಆ್ಯಪ್ ಅಲಿಪೇಗೆ ಇಲ್ಲಿಂದಲೇ ಕಾರ್ಡ್ ಜೋಡಿಸ್ಕೊಂಡು ಹೋಗಿ.

— ಕೇಳಿದವನೇ ಮತ್ತೆ ಬಂದೆ. ಎರಡು ದಿನ ಅಂತ ಮಾಡ್ಕೊಂಡೆ, ಕೆಂಪು ಕಮರಿಗೆ ಬೆಳಗ್ಗೆ ನಾನೊಬ್ಬನೇ. ಅಮ್ಮನಿಗೆ ಇದೆಲ್ಲ ಓದಿ ಹೇಳಿದೆ. "ಪೈಪಿನ ನೀರಾದ್ರೂ ಪರವಾಗಿಲ್ಲ, ಕೂರೋಕೆ ಜಾಗ ಇದ್ರೆ ಸಾಕು" ಅಂದ್ರು.