ಕಬ್ಬಿನ ಟ್ರೇಲರ್‌ಗೆ ಕಾರು ಬಡಿದು ಅಣ್ಣನ ಕಾಲು ಮುರಿದಿದೆ: ವಕೀಲರನ್ನು ಈಗಲೇ ಹಿಡಿಯಬೇಕೆ?

ಇಳಕಲ್ಲಿನ ನೇಕಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ಲಿನಲ್ಲಿ ಎರಡು ಕುಣಿಮಗ್ಗ ಇಟ್ಟುಕೊಂಡು ಸೀರೆ ನೇಯುವ ಮನೆ. ಕಳೆದ ಡಿಸೆಂಬರ್ ಕೊನೆಯ ವಾರ ನನ್ನ ಅಣ್ಣ (ವಯಸ್ಸು 34) ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ವಿಜಯಪುರಕ್ಕೆ ಮದುವೆಗೆಂದು ಹೊರಟಿದ್ದ. ರಾತ್ರಿ ನಿಡಗುಂದಿ ದಾಟಿದ ಮೇಲೆ, ಹೆದ್ದಾರಿಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಎರಡನೆಯ ಟ್ರೇಲರ್‌ಗೆ ಕಾರು ಹಿಂದಿನಿಂದ ಬಡಿಯಿತು. ಟ್ರೇಲರ್‌ಗೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇರಲಿಲ್ಲ. ಜಲ್ಲೆಗಳು ಇಳಿಬಿದ್ದು ನಂಬರ್ ಪ್ಲೇಟ್ ಕೂಡ ಮುಚ್ಚಿಹೋಗಿತ್ತು. ಅಣ್ಣನ ಬಲಗಾಲಿನ ಎಲುಬು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದ್ದು, ರಾಡ್ ಹಾಕಿದ್ದಾರೆ. ಪಾದದ ಕೀಲು ಮೊದಲಿನಂತೆ ಮಡಚುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ.

ಪೊಲೀಸರಿಗೆ ದೂರು ಕೊಟ್ಟವರು ಟ್ರ್ಯಾಕ್ಟರ್ ಕಡೆಯವರೇ ಆದ್ದರಿಂದ ಎಫ್‌ಐಆರ್‌ನಲ್ಲಿ ಕಾರು ಓಡಿಸುತ್ತಿದ್ದ ಗೆಳೆಯನ ಹೆಸರು ಮಾತ್ರ ಇದೆ. ಟ್ರ್ಯಾಕ್ಟರ್ ಮಾಲೀಕರು ಮನೆಗೆ ಬಂದು, 50,000 ರೂಪಾಯಿ ಕೊಡುತ್ತೇವೆ, ನಮ್ಮ ಮೇಲೆ ತಕರಾರಿಲ್ಲವೆಂದು ಛಾಪಾ ಕಾಗದದ ಮೇಲೆ ಸಹಿ ಮಾಡಿರಿ ಎನ್ನುತ್ತಿದ್ದಾರೆ. ವಿಮಾ ಕಂಪನಿಯಿಂದ ಬಂದ ಒಬ್ಬರು ಅಣ್ಣನಿಗೆ ಕೇಳಿದ ಮೊದಲ ಪ್ರಶ್ನೆ, "ಕಾರಿಗೆ ಎಷ್ಟು ಬಾಡಿಗೆ ಕೊಟ್ಟಿದ್ದಿರಿ?" ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರು ಮಂಚದ ಬಳಿಯೇ ಬಂದು, ಬಂದ ಹಣದಲ್ಲಿ ನೂರಕ್ಕೆ 25 ಕೊಟ್ಟರೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿ ಹೋದರು. ಅಣ್ಣನಂತೂ ಗೆಳೆಯನ ಮೇಲೆ ಕೇಸು ಹಾಕುವ ಮಾತೆತ್ತಿದರೆ ಮುಖ ತಿರುಗಿಸುತ್ತಾನೆ. ಈಗ ಎರಡೂವರೆ ತಿಂಗಳಾಗಿದೆ. ವಕೀಲರನ್ನು ಈಗಲೇ ಕಾಣಬೇಕೆ, ಕಾಲು ಪೂರ್ತಿ ವಾಸಿಯಾದ ಮೇಲೆ ಸಾಕೆ? ಅವರು ಮಾಡಿಕೊಡುವ ಕೆಲಸವಾದರೂ ಏನು?

ಬಾಗಲಕೋಟೆಯ ವಕೀಲ

ಮೊದಲ ಮಾತು, ಆ ಛಾಪಾ ಕಾಗದಕ್ಕೆ ಸಹಿ ಮಾಡಬೇಡಿರಿ. ಅದರಲ್ಲಿ "ಟ್ರ್ಯಾಕ್ಟರ್ ಚಾಲಕನ ತಪ್ಪಿಲ್ಲ" ಎಂಬ ಒಂದು ಸಾಲು ಸೇರಿದ್ದರೂ ನಾಳೆ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದು ನಿಮ್ಮ ಅಣ್ಣನನ್ನು ಪಾಟೀಸವಾಲಿನಲ್ಲಿ ಕೆಣಕುತ್ತಾರೆ.

ಎರಡನೆಯದು, ಕಾಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ 166ನೇ ಕಲಂ ಅಡಿಯ ಪರಿಹಾರದ ಅರ್ಜಿಯನ್ನು ಅಪಘಾತದ ದಿನದಿಂದ 6 ತಿಂಗಳೊಳಗೆ ಸಲ್ಲಿಸಬೇಕೆಂದಿದೆ. ಈ ಮಿತಿಯ ಸಿಂಧುತ್ವವೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿರುವುದು ನಿಜ. ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಚಿಕಿತ್ಸೆ ಮುಗಿಯದಿದ್ದರೂ ಅರ್ಜಿ ಹಾಕಬಹುದು, ಮುಂದಿನ ಬಿಲ್ಲುಗಳನ್ನು ಸಾಕ್ಷ್ಯದ ಹಂತದಲ್ಲಿ ಸೇರಿಸಬಹುದು.

ಇಂಥ ಪರಿಹಾರದ ಅರ್ಜಿಗಳನ್ನು ವಿಚಾರಿಸುವುದು ಮೋಟಾರು ಅಪಘಾತ ನ್ಯಾಯಮಂಡಳಿ; ಅರ್ಜಿಯನ್ನು ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ. ಗಾಯಾಳು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ನಿಡಗುಂದಿ ವಿಜಯಪುರ ಜಿಲ್ಲೆ, ಇಳಕಲ್ ಬಾಗಲಕೋಟೆ ಜಿಲ್ಲೆ. ವಿಜಯಪುರದ ತೀರ್ಪಿನ ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ, ಬಾಗಲಕೋಟೆಯದು ಧಾರವಾಡ ಪೀಠಕ್ಕೆ. ಊರುಗೋಲು ಹಿಡಿದು ನಡೆಯುವವನಿಗೆ ಯಾವುದು ಹತ್ತಿರವೆಂದು ನೀವೇ ಯೋಚಿಸಿರಿ.

ಇನ್ನು ವಕೀಲರ ಕೆಲಸ. ಕೋರ್ಟಿನಲ್ಲಿ ನಿಂತು ವಾದಿಸುವುದು ಅದರಲ್ಲಿ ಕೊನೆಯ ಪಾಲು. ಅದಕ್ಕಿಂತ ಮೊದಲು ಅವರು ಎಫ್‌ಐಆರ್, ಸ್ಥಳ ಪಂಚನಾಮೆ, ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ ಇವುಗಳ ಪ್ರತಿಗಳನ್ನು ತರಿಸಿ ಒಂದರ ಜೊತೆ ಒಂದನ್ನು ಹೊಂದಿಸಿ ಓದುತ್ತಾರೆ. ನಿಮ್ಮ ಪ್ರಕರಣದಲ್ಲಿ ಕೈನಕ್ಷೆಯೇ ಮುಖ್ಯ. ಟ್ರೇಲರ್ ರಸ್ತೆಯ ಡಾಂಬರಿನ ಮೇಲೆ ನಿಂತಿತ್ತೋ, ಪಕ್ಕದ ಮಣ್ಣಿನ ಮೇಲೆ ನಿಂತಿತ್ತೋ, ಹಿಂದೆ ದೀಪ ಇತ್ತೋ ಇಲ್ಲವೋ ಎಂಬುದು ಅದರಲ್ಲಿ ಬಾರದೆ ಇದ್ದರೆ ತನಿಖೆ ಮುಗಿಯುವ ಮುನ್ನ ಅಣ್ಣನ ಹೇಳಿಕೆಯನ್ನು ದಾಖಲಿಸುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಬೇಕು. ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕೆಂದು ನಿಯಮವಿದೆ. ನಿಮ್ಮ 90 ದಿನಗಳು ಮುಗಿಯುತ್ತ ಬಂದಿವೆ.

ಗೆಳೆಯನ ಬಗ್ಗೆ ಅಣ್ಣನಿಗೆ ಇರುವ ಸಂಕೋಚ ನನಗೆ ಅರ್ಥವಾಗುತ್ತದೆ, ಪ್ರತಿ ವರ್ಷ ಇಂಥ ಕಕ್ಷಿದಾರರು ಬರುತ್ತಾರೆ. ಆತನನ್ನು ಪ್ರತಿವಾದಿಯಾಗಿ ಹೆಸರಿಸುವುದು ಆತನ ವಿಮಾ ಕಂಪನಿಯನ್ನು ತರುವ ದಾರಿ, ಆತನನ್ನು ಜೈಲಿಗೆ ಕಳಿಸುವ ದಾರಿಯಲ್ಲ. ಅಣ್ಣ ಕಾರಿನಲ್ಲಿ ಸುಮ್ಮನೆ ಕುಳಿತಿದ್ದವನು. ಎರಡೂ ಚಾಲಕರ ತಪ್ಪಿದ್ದರೆ ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಎರಡೂ ವಾಹನಗಳ ಮಾಲೀಕರು ಮತ್ತು ವಿಮಾ ಕಂಪನಿಗಳನ್ನು ಸೇರಿಸಿಯೇ ಅರ್ಜಿ ಹಾಕಬೇಕು.

ಬಾಡಿಗೆಯ ಪ್ರಶ್ನೆ ಕೇಳಿದ್ದು ಕುಶಲೋಪರಿಗಲ್ಲ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದ್ದರೆ ಪಾಲಿಸಿಯ ಷರತ್ತು ಮುರಿದಂತೆ, ಆಗ ಕಂಪನಿ ಕೈತೊಳೆದುಕೊಳ್ಳಲು ನೋಡುತ್ತದೆ. ಗೆಳೆತನದಲ್ಲಿ ಹೋದದ್ದಾದರೆ ಅದನ್ನೇ ಹೇಳಲಿ, ಆದರೆ ಬಾಯಿಮಾತಿನಲ್ಲಿ ಬೇಡ, ವಕೀಲರ ಮೂಲಕ ಹೇಳಲಿ. ಕಾರಿನ ಪಾಲಿಸಿ ಸಮಗ್ರ ಪಾಲಿಸಿಯೋ, ಬರೀ ಥರ್ಡ್ ಪಾರ್ಟಿಯೋ ಎಂಬುದನ್ನೂ ಇಂದೇ ನೋಡಿರಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಕುಳಿತವರಿಗೆ ರಕ್ಷಣೆ ಸಿಗುವುದಿಲ್ಲ. ಹಾಗಾದ ಪಕ್ಷದಲ್ಲಿ ಟ್ರ್ಯಾಕ್ಟರಿನ ವಿಮೆಯೇ ನಿಮಗೆ ಆಧಾರ, ಅಲ್ಲಿ ಅಣ್ಣ ಮೂರನೆಯ ವ್ಯಕ್ತಿ (ಥರ್ಡ್ ಪಾರ್ಟಿ). ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿಗೆ ವಿಮೆ ಇದ್ದು ಟ್ರೇಲರ್‌ಗೆ ಇರುವುದಿಲ್ಲ ಎಂಬ ತಕರಾರು ಪ್ರತಿ ಹಂಗಾಮಿನಲ್ಲೂ ಬರುತ್ತದೆ, ಅದಕ್ಕೂ ಸಿದ್ಧರಿರಬೇಕು.

ನಿವೃತ್ತ ಶಿರಸ್ತೇದಾರ

ಮಂಚದ ಬಳಿ ಬಂದು ಪಾಲು ಕೇಳಿದವರ ಬಗ್ಗೆ ಎರಡು ಮಾತು. ದಾವೆಯ ಫಲಿತಾಂಶಕ್ಕೆ ಶುಲ್ಕವನ್ನು ಕಟ್ಟುವುದಾಗಲಿ, ಬರುವ ಹಣದಲ್ಲಿ ಪಾಲು ಕೇಳುವುದಾಗಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಅಮೆರಿಕದಲ್ಲಿ ಗೆದ್ದರೆ ಮಾತ್ರ ಶುಲ್ಕ ಎಂಬ ಪದ್ಧತಿ ಇದೆಯೆಂದು ನಮ್ಮಲ್ಲೂ ಅದೇ ನಡೆಯುತ್ತದೆಂದು ಹಲವರು ತಿಳಿದಿದ್ದಾರೆ. ಶುಲ್ಕವನ್ನು ಮೊದಲೇ ಮಾತಾಡಿ, ಯಾವ ಹಂತಕ್ಕೆ ಎಷ್ಟು ಎಂದು ಬರೆಸಿಕೊಂಡು ರಸೀದಿ ಪಡೆಯಿರಿ. ಬರೆಯದ ಚೆಕ್ಕಿಗೆ ಅಥವಾ ಬಿಳಿ ಕಾಗದಕ್ಕೆ ಸಹಿ ಹಾಕಿ ಕೊಟ್ಟವರ ಪಾಡನ್ನು ನಾನು ಕಚೇರಿಯ ಕಟಕಟೆಯ ಈಚೆಯಿಂದ ಬೇಕಾದಷ್ಟು ನೋಡಿದ್ದೇನೆ.

ಮನೆಯ ಆದಾಯ ಕಡಿಮೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಉಚಿತವಾಗಿ ವಕೀಲರನ್ನು ಪಡೆಯಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯೂ ಅಡ್ಡ ಬರುವುದಿಲ್ಲ.

ಜಮಖಂಡಿಯ ಗೃಹಿಣಿ

ತಮ್ಮಾ, ನಮ್ಮ ಯಜಮಾನರಿಗೆ ಆದದ್ದನ್ನು ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ. ಅವರ ಮೊಣಕಾಲು ಮುರಿದಿತ್ತು. ಕಾಲಿನ ಊನ 45 ಪ್ರತಿಶತ ಎಂದು ಡಾಕ್ಟರು ಬರೆದುಕೊಟ್ಟರು, ಕೋರ್ಟಿನಲ್ಲಿ ಅದರ ಮೂರನೆಯ ಒಂದು ಪಾಲು ಹಿಡಿದು ಇಡೀ ದೇಹಕ್ಕೆ 15 ಎಂದು ಲೆಕ್ಕ ಹಾಕಿದರು. ಅವರು ಲಾರಿ ಚಾಲಕರು, ಆ ಕಾಲಿನಲ್ಲಿ ಬ್ರೇಕು ತುಳಿಯಲಾರರು ಎಂಬುದನ್ನು ನಮ್ಮ ಕಡೆಯಿಂದ ಯಾರೂ ಸಾಕ್ಷ್ಯದಲ್ಲಿ ಹೇಳಿಸಲಿಲ್ಲ. ಪ್ರಮಾಣಪತ್ರ ಕೊಟ್ಟ ಡಾಕ್ಟರನ್ನೂ ಕರೆಸಲಿಲ್ಲ. ಆಮೇಲೆ ಲೋಕ ಅದಾಲತಿನಲ್ಲಿ ಒಂದೇ ಬೆಳಿಗ್ಗೆ ರಾಜಿ ಮಾಡಿಕೊಂಡೆವು. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲವೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಅದಾಲತ್ತು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಲೆಕ್ಕ ತಿಳಿಯದೆ ಹೋಗಿ ಕೂತದ್ದು ನಮ್ಮ ತಪ್ಪು.

ಔಷಧದ ಚೀಟಿ ಮತ್ತು ಬಿಲ್ಲು ಎರಡನ್ನೂ ಜೋಡಿಸಿ ಪಿನ್ ಹಾಕಿ ಇಡಿರಿ. ಆ ತೆಳ್ಳನೆಯ ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಅಳಿಸಿಹೋಗುತ್ತದೆ, ಈಗಲೇ ಜೆರಾಕ್ಸ್ ಮಾಡಿಸಿರಿ.

ಬಾಗಲಕೋಟೆಯ ವಕೀಲ

ಅಕ್ಕನವರು ಹೇಳಿದ್ದೇ ಈ ಪ್ರಕರಣದ ತಿರುಳು. ಸುಪ್ರೀಂ ಕೋರ್ಟು ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ, ದೇಹದ ಊನ ಎಷ್ಟು ಎಂಬುದಕ್ಕಿಂತ ಆ ಊನದಿಂದ ಗಾಯಾಳುವಿನ ದುಡಿಮೆ ಎಷ್ಟು ಕುಂದಿತು ಎಂಬುದನ್ನು ನೋಡಬೇಕೆಂದು ಹೇಳಿದೆ. ಗುಮಾಸ್ತನ ಕಾಲೂ ಕುಣಿಮಗ್ಗದ ನೇಕಾರನ ಕಾಲೂ ಒಂದೇ ಅಲ್ಲ. ನೇಕಾರ ಕುಣಿಯೊಳಗೆ ಕಾಲಿಳಿಸಿ ಕೂತು, ದಿನವಿಡೀ ಪಾದದಿಂದ ಹಲಗೆ ತುಳಿದರೆ ತಾನೇ ಹಾಸಿನ ಎಳೆಗಳು ಬಾಯಿ ಬಿಟ್ಟು ಲಾಳಿ ಓಡುವುದು?

ಲೆಕ್ಕ ನೋಡಿರಿ. ತಿಂಗಳ ದುಡಿಮೆ 15,000 ಎಂದು ಇಟ್ಟುಕೊಂಡರೆ ವರ್ಷಕ್ಕೆ 1,80,000. ವರ್ಷದ ದುಡಿಮೆಯನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆಯೇ ಗುಣಕ; 31ರಿಂದ 35 ವಯಸ್ಸಿಗೆ ಅದು 16. ಊನವನ್ನು 15 ಪ್ರತಿಶತ ಹಿಡಿದರೆ ಮುಂದಿನ ಗಳಿಕೆಯ ನಷ್ಟ 4,32,000. ನೇಯ್ಗೆಗೆ ಆದ ನಷ್ಟವನ್ನು ಸಾಬೀತುಮಾಡಿ 30 ಎಂದು ಒಪ್ಪಿಸಿದರೆ 8,64,000. ಚಿಕಿತ್ಸೆಯ ವೆಚ್ಚ, ನೋವು, ಮಲಗಿದ್ದ ತಿಂಗಳುಗಳ ಕೂಲಿ, ಮುಂದೆ ರಾಡ್ ತೆಗೆಸುವ ಖರ್ಚು, ಬಡ್ಡಿ ಇವೆಲ್ಲ ಬೇರೆ. ಈ ಅಂತರವನ್ನು ತುಂಬುವುದು ಡಾಕ್ಟರ ಸಾಕ್ಷ್ಯ ಮತ್ತು ದುಡಿಮೆಯ ಪುರಾವೆ. ಸೀರೆ ಕೊಳ್ಳುವ ಮಾಲೀಕರ ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ನೇಕಾರರ ಗುರುತಿನ ಚೀಟಿ, ಏನಿದ್ದರೂ ತನ್ನಿರಿ. ಯಾವುದೂ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ, ಅದು ಬಹುತೇಕ ನಿಮ್ಮ ನಿಜವಾದ ದುಡಿಮೆಗಿಂತ ಕಡಿಮೆಯೇ ಇರುತ್ತದೆ.

ಇಳಕಲ್ಲಿನ ನೇಕಾರ

ಎಲ್ಲರಿಗೂ ಋಣಿ. ಅಣ್ಣನಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಗೆಳೆಯನೇ ಸಂಜೆ ಮನೆಗೆ ಬಂದು ಪಾಲಿಸಿಯ ಪ್ರತಿ ಕೊಟ್ಟು ಹೋದ, ಸಮಗ್ರ ಪಾಲಿಸಿಯೇ ಇದೆ. ಇನ್ನೊಂದು ವಿಷಯ: ಆ ರಾತ್ರಿ ಗಾಯಾಳುಗಳನ್ನು ಎತ್ತಿದ ಹುಡುಗನೊಬ್ಬನ ಮೊಬೈಲಿನಲ್ಲಿ ಟ್ರೇಲರ್‌ನ ಹಿಂಭಾಗದ ಫೋಟೊ ಇದೆಯಂತೆ, ಕಳಿಸುತ್ತೇನೆಂದಿದ್ದಾನೆ.

ಬಾಗಲಕೋಟೆಯ ವಕೀಲ

ಆತ ವಾಟ್ಸಾಪಿನಲ್ಲಿ ಕಳಿಸಿದ್ದಷ್ಟರಿಂದ ಸುಮ್ಮನಾಗಬೇಡಿರಿ. ಮೂಲ ಫೋಟೊ ಆತನ ಮೊಬೈಲಿನಲ್ಲಿ ಅಳಿಸದೆ ಇರಲಿ; ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ಪ್ರಮಾಣಪತ್ರಕ್ಕೆ ಆತನ ಸಹಿ ಬೇಕಾಗುತ್ತದೆ. ಆ ಹುಡುಗನನ್ನು ಕರೆದುಕೊಂಡು ಈ ವಾರವೇ ವಕೀಲರ ಕಚೇರಿಗೆ ಹೋಗಿರಿ.