ಜಿಲ್ಲಾ ಪುಟದ ಸುದ್ದಿಯನ್ನು ಓದುಗ ಪರೀಕ್ಷಿಸುವುದು ಹೇಗೆ, ತಪ್ಪಿದ್ದರೆ ತಿದ್ದಿಸುವುದು ಹೇಗೆ?

ಆಲೂರು_ಓದುಗ:

ನಮ್ಮ ಗ್ರಂಥಾಲಯಕ್ಕೆ ಪತ್ರಿಕೆ ಓದಲು ಬರುವವರಿಗಾಗಿ ಒಂದು ಪುಟದ ಕೈಪಿಡಿ ಮಾಡುವ ಯೋಚನೆ ಇದೆ. ಇದಕ್ಕೆ ಕಾರಣ 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹರಡಿದ ರೀತಿ. ದಿನಾ ‘ಮತ್ತೊಂದು ಬಲಿ’ ಎಂದು ಎಣಿಕೆ ಏರುತ್ತಿತ್ತು, ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆಮೇಲೆ ತಜ್ಞರ ಸಮಿತಿಯ ವರದಿ ಬಂತು. ಅದರಲ್ಲಿ ಏನಿತ್ತು ಎಂದು ಕೇಳಿದರೆ ಹೇಳುವವರು ಕಡಿಮೆ. ಈಗ ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜ ಎನ್ನುವವರೂ ಇದ್ದಾರೆ, ಮಾಧ್ಯಮದವರು ಹೇಳುವುದೆಲ್ಲ ಸುಳ್ಳು ಎನ್ನುವವರೂ ಇದ್ದಾರೆ. ಇಬ್ಬರೂ ಸುದ್ದಿಯನ್ನು ಪೂರ್ತಿ ಓದುವುದಿಲ್ಲ.

ಸುದ್ದಿಯಲ್ಲಿರುವ ಸಂಖ್ಯೆಯನ್ನು ಹೇಗೆ ತೂಗಿ ನೋಡುವುದು, ‘ಮೂಲಗಳು’ ಎಂದರೆ ಯಾರು, ವಿಡಿಯೊ ಹಳೆಯದೋ ಹೊಸದೋ ತಿಳಿಯುವುದು ಹೇಗೆ, ತಪ್ಪಾಗಿದ್ದರೆ ಯಾರಿಗೆ ಎಷ್ಟು ದಿನದೊಳಗೆ ಬರೆಯಬೇಕು? ಉಪದೇಶ ಬೇಡ, ಓದುಗರು ಕೈಯಾರೆ ಮಾಡಬಹುದಾದದ್ದನ್ನು ಹೇಳಿ.

ಅಂಕಿಅಂಶ_ಹಾಸನ:

ಸರ್, ಹೃದಯಾಘಾತದ ಸುದ್ದಿಯನ್ನೇ ಕೈಪಿಡಿಯ ಉದಾಹರಣೆ ಮಾಡಿಕೊಳ್ಳಿ. ಲೆಕ್ಕ ಎಲ್ಲೆಲ್ಲಿ ಜಾರುತ್ತದೆ ಎಂಬುದು ಅದೊಂದರಲ್ಲೇ ಪೂರ್ತಿ ಕಾಣುತ್ತದೆ.

‘40 ದಿನದಲ್ಲಿ ಇಷ್ಟು ಸಾವು’ ಎಂಬುದು ಒಂದು ಪಟ್ಟಿ, ಅಷ್ಟೇ. ಪಟ್ಟಿಯಲ್ಲಿರುವ ಪ್ರತಿ ಹೆಸರೂ ನಿಜವಿರಬಹುದು. ಆದರೆ ‘ಸಾವು ಹೆಚ್ಚಾಗಿದೆ’ ಎನ್ನಬೇಕಾದರೆ ಸಾಮಾನ್ಯವಾಗಿ ಎಷ್ಟಾಗುತ್ತಿತ್ತು ಎಂಬ ಲೆಕ್ಕ ಪಕ್ಕದಲ್ಲಿರಬೇಕು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರಕ್ಕೆ 6 ಸಾವು ಎಂದು ಕಡಿಮೆಯೇ ಹಿಡಿದರೂ ಸುಮಾರು 10,650 ಆಗುತ್ತದೆ, ಅಂದರೆ ದಿನಕ್ಕೆ 29, 40 ದಿನಕ್ಕೆ ಸುಮಾರು 1,170. ಅದರಲ್ಲಿ ನಾಲ್ಕನೇ ಒಂದು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಎಂದುಕೊಂಡರೆ 290ರ ಆಸುಪಾಸು. ಇದು ಒರಟು ಲೆಕ್ಕ. ಆದರೆ ಇಪ್ಪತ್ತು ಚಿಲ್ಲರೆ ಹೆಸರಿನ ಪಟ್ಟಿಯೊಂದರಿಂದಲೇ ಏರಿಕೆಯನ್ನು ತೋರಿಸಲಾಗದು ಎಂದು ತಿಳಿಯಲು ಇಷ್ಟು ಸಾಕು.

ಹಾಗೆಂದು ಏನೂ ಆಗಿರಲಿಲ್ಲ ಎಂದಲ್ಲ. ಚಿಕ್ಕ ವಯಸ್ಸಿನವರು ಸತ್ತದ್ದು ನಿಜ, ಆ ಮನೆಗಳ ದುಃಖ ನಿಜ. 45 ವರ್ಷದೊಳಗಿನವರ ಸಾವು ಹಿಂದಿನ ವರ್ಷದ ಇದೇ ತಿಂಗಳುಗಳಿಗಿಂತ ಹೆಚ್ಚಾಗಿದೆಯೇ ಎಂದು ವರದಿಗಾರರು ಮೊದಲ ವಾರವೇ ಕೇಳಬೇಕಿತ್ತು. ಅದನ್ನು ಕೇಳದೆ ದಿನಕ್ಕೊಂದು ಹೆಸರು ಸೇರಿಸುತ್ತಾ ಹೋದರೆ ಎಣಿಕೆ ಏರಲೇಬೇಕು, ಇಳಿಯುವುದಕ್ಕೆ ದಾರಿಯೇ ಇಲ್ಲ.

ಇನ್ನು ಸಾವಿನ ಕಾರಣ. ಮನೆಯಲ್ಲಿ ಕುಸಿದು ಬಿದ್ದವರನ್ನು ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಹೋಗಿದ್ದರೆ, ಮರಣೋತ್ತರ ಪರೀಕ್ಷೆ ಆಗದೆ ಕಾರಣ ಖಚಿತವಾಗುವುದಿಲ್ಲ. ಮನೆಯವರು ‘ಹಾರ್ಟ್ ಅಟ್ಯಾಕ್’ ಎನ್ನುತ್ತಾರೆ, ಅದೇ ಶೀರ್ಷಿಕೆ ಆಗುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಹೃದಯಾಘಾತ. ಹೃದಯದ ಬಡಿತ ನಿಂತುಹೋಗುವುದು ಹೃದಯಸ್ತಂಭನ, ಅದಕ್ಕೆ ಬೇರೆ ಹತ್ತು ಕಾರಣ ಇರಬಹುದು. ಆಸ್ಪತ್ರೆಯಲ್ಲಿ ಸತ್ತರೆ ವೈದ್ಯರು ನಮೂನೆ 4ರಲ್ಲಿ, ಹೊರಗೆ ಸತ್ತರೆ ಕೊನೆಗೆ ಚಿಕಿತ್ಸೆ ಕೊಟ್ಟ ವೈದ್ಯರು 4ಎನಲ್ಲಿ ಕಾರಣ ಬರೆದುಕೊಡಬೇಕು. ಸಂಬಂಧಿಕರ ಕೈಗೆ ಬರುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ. ಹಾಗಾಗಿ ‘ಮರಣ ಪ್ರಮಾಣಪತ್ರದ ಪ್ರಕಾರ ಹೃದಯಾಘಾತ’ ಎಂದು ಎಲ್ಲಾದರೂ ಓದಿದರೆ ಅನುಮಾನಪಡಿ.

ಪಟ್ಟಿಯ ಗಡಿಯನ್ನೂ ನೋಡಿ. ಹುಟ್ಟಿದ್ದು ಹೊಳೆನರಸೀಪುರ, ಇದ್ದದ್ದು, ಸತ್ತದ್ದು ಬೆಂಗಳೂರು ಎಂದಾದರೆ ಅದು ಯಾವ ಜಿಲ್ಲೆಯ ಸಾವು? ಇಂಥವರನ್ನು ಹಾಸನಕ್ಕೆ ಸೇರಿಸಿದ ಮೇಲೆ, ಹಾಸನದಲ್ಲಿ ಸತ್ತ ಬೇರೆ ಊರಿನವರನ್ನು ಕಳೆಯಬೇಕಾಗುತ್ತದೆ. ಕಳೆಯುವವರು ಯಾರೂ ಇಲ್ಲ.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ 4ಕ್ಕೆ ಹೃದಯಕ್ಕೆ ಸಂಬಂಧಿಸದ ಕಾರಣಗಳಿದ್ದವು. ಅಸಹಜ ಏರಿಕೆ ಕಂಡಿಲ್ಲ, ಕೋವಿಡ್ ಲಸಿಕೆಗೆ ನಂಟಿಲ್ಲ ಎಂಬುದು ಸಮಿತಿಯ ತೀರ್ಮಾನ. ನಿಮ್ಮ ಗ್ರಂಥಾಲಯದ ಹಳೆಯ ಕಟ್ಟು ತೆಗೆದು, ಈ ವರದಿಗೆ ಯಾವ ಪುಟದಲ್ಲಿ ಎಷ್ಟು ಕಾಲಂ ಸಿಕ್ಕಿತು, ಮೊದಲ ವಾರದ ಎಣಿಕೆಗೆ ಎಷ್ಟು ಸಿಕ್ಕಿತ್ತು ಎಂದು ಸ್ಕೇಲ್ ಹಿಡಿದು ಅಳೆಸಿ. ಓದುಗರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಅಂಕಿಅಂಶ ನೇರವಾಗಿ ಬೇಕಿದ್ದರೆ ಜಿಲ್ಲಾ ಸಾಂಖ್ಯಿಕ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂ., ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘2023, 2024, 2025ರ ಮೇ, ಜೂನ್, ಜುಲೈ ತಿಂಗಳಲ್ಲಿ ನೋಂದಣಿಯಾದ ಸಾವು, ತಿಂಗಳುವಾರು, ವಯೋಮಾನವಾರು’ ಎಂದು ದಾಖಲೆ ಕೇಳಿ. ‘ಏಕೆ ಹೆಚ್ಚಾಯಿತು’ ಎಂದು ಕೇಳಿದರೆ, ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ಅರ್ಜಿ ವಾಪಸಾಗುತ್ತದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಎಷ್ಟೋ ತಡವಾಗಿ ಬರುತ್ತವೆ. ಹಾಗಾಗಿ ಈಚಿನ ತಿಂಗಳ ಸಂಖ್ಯೆ ಯಾವಾಗಲೂ ಕಡಿಮೆ ಕಾಣುತ್ತದೆ. ಅದನ್ನು ಹಿಂದಿನ ವರ್ಷದ ಪೂರ್ತಿ ಸಂಖ್ಯೆಯ ಜೊತೆ ಹೋಲಿಸಬಾರದು.

ಡೆಸ್ಕ್_ಕಡೆಯಿಂದ:

‘ಮೂಲಗಳು’ ಯಾರು ಎಂದು ಕೇಳಿದ್ದೀರಿ. ಒಂದು ಕೆಂಪು ಪೆನ್ನು ಹಿಡಿದು ಸುದ್ದಿಯ ವಾಕ್ಯಗಳ ಕೊನೆಯನ್ನು ಮಾತ್ರ ಗುರುತು ಹಾಕಿ. ‘ಎಂದು ತಹಶೀಲ್ದಾರ್ ತಿಳಿಸಿದರು’ ಎಂದಿದ್ದರೆ ನಾಳೆ ಹೋಗಿ ಕೇಳಬಹುದು. ‘ಎಂದು ಮೂಲಗಳು ತಿಳಿಸಿವೆ’ ಎಂದಿದ್ದರೆ ವರದಿಗಾರರಿಗೆ ಹೇಳಿದವರು ಗೊತ್ತು, ನಮಗೆ ಗೊತ್ತಿಲ್ಲ. ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಎಂದಿದ್ದರೆ ಯಾರು ಅಂದರು ಎಂಬುದು ವರದಿಗಾರರಿಗೂ ಖಚಿತವಿಲ್ಲದೆ ಇರಬಹುದು. ಹೆಸರು ಹೇಳಲಾಗದ ಮೂಲ ಇರುವುದು ತಪ್ಪಲ್ಲ. ಮರಳು ದಂಧೆಯ ಬಗ್ಗೆ ಹೇಳಿದವರ ಹೆಸರು ಹಾಕಿದರೆ ಅವರ ಗತಿ ಏನು? ಮೂಲ ಬಿಟ್ಟುಕೊಡುವಂತೆ ಪತ್ರಕರ್ತರನ್ನು ಒತ್ತಾಯಿಸಲು ಪತ್ರಿಕೆಗಳ ಮೇಲಿನ ದೂರು ನೋಡುವ ಪತ್ರಿಕಾ ಮಂಡಳಿಗೂ ಅಧಿಕಾರವಿಲ್ಲ, 1978ರ ಪತ್ರಿಕಾ ಮಂಡಳಿ ಕಾಯ್ದೆಯ 15ನೇ ಕಲಂ ಅದನ್ನು ತಡೆದಿದೆ. ಆದರೆ ಕಾಮಗಾರಿ ಉದ್ಘಾಟನೆಯ ಸುದ್ದಿಗೂ ‘ಮೂಲಗಳು’ ಬೇಕಾದರೆ ಅದು ಸೋಮಾರಿತನ.

ಐದು ಪತ್ರಿಕೆಯಲ್ಲಿ ಬಂದಿದೆ, ಹಾಗಾಗಿ ನಿಜ ಎನ್ನುವುದು ಇನ್ನೊಂದು ತಪ್ಪು ದಾರಿ. ಐದನ್ನೂ ಪಕ್ಕಪಕ್ಕ ಇಟ್ಟು ಮೂರನೇ ವಾಕ್ಯ ಓದಿ. ಪದಪದವೂ ಒಂದೇ ಆಗಿದ್ದರೆ ಅದು ವಾರ್ತಾ ಇಲಾಖೆಯದೋ ಪೊಲೀಸರದೋ ಪತ್ರಿಕಾ ಪ್ರಕಟಣೆ. ಐದು ಕಡೆ ಅಚ್ಚಾದರೂ ಮೂಲ ಒಂದೇ. ಪೊಲೀಸ್ ಪ್ರಕಟಣೆ ಎಫ್‌ಐಆರ್ ಆಧರಿಸಿದ್ದಾದರೆ ಅದರಲ್ಲಿರುವುದು ದೂರು ಕೊಟ್ಟವರ ಮಾತು, ತನಿಖೆ ಆಮೇಲಿನದು.

ತಾಲ್ಲೂಕು ಮಟ್ಟದ ಸುದ್ದಿ ಏಕೆ ಹೀಗಾಗುತ್ತದೆ ಎಂಬುದನ್ನೂ ಕೈಪಿಡಿಯಲ್ಲಿ ಹಾಕಿ. ಅರೆಕಾಲಿಕ ವರದಿಗಾರರಲ್ಲಿ ಅನೇಕರಿಗೆ ಸಂಬಳ ಎಂಬುದು ಹೆಸರಿಗೆ ಮಾತ್ರ, ಜಾಹೀರಾತಿನ ಕಮಿಷನ್ನೇ ಆದಾಯ. ಹುಟ್ಟುಹಬ್ಬದ ಶುಭಾಶಯ ಕೊಡುವ ಗುತ್ತಿಗೆದಾರರ ರಸ್ತೆ ಕಿತ್ತುಹೋದರೆ ಅದೇ ವರದಿಗಾರರು ಬರೆಯಬೇಕು. ಇದು ವ್ಯಕ್ತಿಯ ದೋಷಕ್ಕಿಂತ ವ್ಯವಸ್ಥೆಯ ದೋಷ. ಇದನ್ನು ಸರಿಮಾಡದೆ ನೀತಿಸಂಹಿತೆ ಓದಿಸಿ ಪ್ರಯೋಜನವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಸಿಗಾಗಿ ಸುದ್ದಿಯ ಗುರುತು: ಬೈಲೈನ್ (ಬರೆದವರ ಹೆಸರು) ಇಲ್ಲ, ಎದುರಾಳಿಯ ಹೆಸರೇ ಇಲ್ಲ, ಎರಡು ಪತ್ರಿಕೆಯಲ್ಲಿ ಒಂದೇ ಒಕ್ಕಣೆ, ಮೂಲೆಯಲ್ಲಿ ‘ಜಾಹೀರಾತು’ ಎಂಬ ಪದವೂ ಇಲ್ಲ. ಚುನಾವಣೆ ಹೊತ್ತಿನಲ್ಲಿ ಇಂಥದ್ದು ಕಂಡರೆ ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ಪುಟದ ಸಮೇತ ಕೊಡಿ. ಚುನಾವಣಾಧಿಕಾರಿ 96 ಗಂಟೆಯೊಳಗೆ ಅಭ್ಯರ್ಥಿಗೆ ನೋಟಿಸ್ ಕೊಡಬೇಕು, ಅಭ್ಯರ್ಥಿ 48 ಗಂಟೆಯಲ್ಲಿ ಉತ್ತರಿಸಬೇಕು. ಸಾಬೀತಾದರೆ ಜಾಹೀರಾತು ದರದ ಲೆಕ್ಕದಲ್ಲಿ ಆ ಮೊತ್ತ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ.

ಮೂಡಿಗೆರೆ_ತೋಟ:

ವಿಡಿಯೊ ಬಗ್ಗೆ. ‘ಈಗಷ್ಟೇ, ಸಕಲೇಶಪುರದಲ್ಲಿ ಕಾಡಾನೆ’ ಎಂದು ಬರುವುದರಲ್ಲಿ ಹಳೆಯವು ಬಹಳ. ಮೊದಲು ಗಿಡ ನೋಡಿ. ಕಾಫಿ ಹೂ ಬಿಡುವುದು ಬೇಸಿಗೆಯ ಹೂಮಳೆ ಬಿದ್ದ ಮೇಲೆ, ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್. ಹಣ್ಣು ಕೆಂಪಗಾಗುವುದು ಅರೇಬಿಕಾದಲ್ಲಿ ನವೆಂಬರ್‌ನಿಂದ, ರೋಬಸ್ಟಾದಲ್ಲಿ ಇನ್ನೂ ತಡ. ಜುಲೈನ ‘ಇಂದಿನ’ ವಿಡಿಯೊದಲ್ಲಿ ಕೆಂಪು ಹಣ್ಣು ಕಂಡರೆ ಅದು ಇಂದಿನದಲ್ಲ. ಆಮೇಲೆ ನಂಬರ್ ಪ್ಲೇಟ್: ಹಾಸನ ಕೆಎ 13, ಸಕಲೇಶಪುರ ಕೆಎ 46, ಚಿಕ್ಕಮಗಳೂರು ಕೆಎ 18. ನಿಂತ ವಾಹನಗಳೆಲ್ಲ ಬೇರೆ ರಾಜ್ಯದವಾದರೆ ಜಾಗವೇ ಬೇರೆ. ವಿಡಿಯೊ ನಿಲ್ಲಿಸಿ ಸ್ಪಷ್ಟವಾದ ಒಂದು ಚೌಕಟ್ಟಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಅಕ್ಷರ, ಲೋಗೊ ಇರುವ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಹಾಕಿ, ಇಲ್ಲದಿದ್ದರೆ ಲೋಗೊವನ್ನೇ ಹುಡುಕಿ ಕೊಡುತ್ತದೆ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, ಕಳಿಸಿದವರಿಗೂ ಮೂಲ ಗೊತ್ತಿರುವುದಿಲ್ಲ. ಪತ್ರಿಕೆಯ ತುಣುಕಿನ ಚಿತ್ರ ಬಂದರೆ ಆ ದಿನದ ಇ-ಪೇಪರ್‌ನ ಜಿಲ್ಲಾ ಆವೃತ್ತಿ ತೆರೆದು ನೋಡಿ. ತುಣುಕಿನಲ್ಲಿ ದಿನಾಂಕವೇ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ಕಾಫಿ ಬೆಲೆಯ ಸುದ್ದಿಗೂ ಇದೇ ಎಚ್ಚರ ಬೇಕು. ರೋಬಸ್ಟಾ ಚೆರ್ರಿಗೆ (ಒಣಗಿಸಿದ ಹಣ್ಣಿಗೆ) ವ್ಯಾಪಾರಿಗಳು ಹೇಳುವುದು ಓಟಿ ಲೆಕ್ಕ, ಅಂದರೆ 50 ಕೆ.ಜಿ. ಚೆರ್ರಿ ಮೂಟೆಯಲ್ಲಿ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಎಂಬುದರ ಮೇಲೆ. ಓಟಿಗೆ 400 ರೂ. ಎಂದಿಟ್ಟುಕೊಳ್ಳಿ. 26 ಬಂದರೆ ಮೂಟೆಗೆ 10,400, 28 ಬಂದರೆ 11,200. ಶೀರ್ಷಿಕೆಯಲ್ಲಿ ದೊಡ್ಡ ಸಂಖ್ಯೆ ಮಾತ್ರ ಹಾಕಿದರೆ ಸಣ್ಣ ಬೆಳೆಗಾರರು ವ್ಯಾಪಾರಿ ಮೋಸ ಮಾಡಿದರೆಂದು ಜಗಳಕ್ಕೆ ನಿಲ್ಲುತ್ತಾರೆ. ಲಂಡನ್ ರೋಬಸ್ಟಾ ದರ ಟನ್ನಿಗೆ ಡಾಲರ್, ನ್ಯೂಯಾರ್ಕ್ ಅರೇಬಿಕಾ ದರ ಪೌಂಡಿಗೆ ಸೆಂಟ್. ಅಳತೆ ಬರೆಯದ ಬೆಲೆ ಸುದ್ದಿಯೇ ಅಲ್ಲ.

ಆಲೂರು_ಓದುಗ:

ತುಂಬಾ ಉಪಕಾರವಾಯಿತು. ದೂರಿನ ವಿಚಾರ ಯಾರಾದರೂ ಹೇಳುವಿರಾ? ಪತ್ರಿಕೆಗಿಂತ ಯೂಟ್ಯೂಬ್ ಚಾನೆಲ್‌ಗಳದ್ದೇ ಹೆಚ್ಚು ತೊಂದರೆ.

ವಕೀಲೆ_ಅರಸೀಕೆರೆ:

ಪತ್ರಿಕೆ, ಟಿ.ವಿ., ಯೂಟ್ಯೂಬ್ ಮೂರಕ್ಕೂ ದಾರಿ ಬೇರೆ. ಒಂದರ ದೂರನ್ನು ಇನ್ನೊಂದಕ್ಕೆ ಕಳಿಸಿ ಅವಧಿ ಕಳೆದುಕೊಳ್ಳುವವರೇ ಹೆಚ್ಚು.

ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ. ಹೆಸರು, ವಿಳಾಸ ಸಂಚಿಕೆಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಸಾಮಾನ್ಯವಾಗಿ ಕೊನೆಯ ಪುಟದ ಅಡಿಯಲ್ಲಿ. ಆ ಸಾಲೇ ಇಲ್ಲದ ‘ಪತ್ರಿಕೆ’ ಸಿಕ್ಕರೆ ಅದರ ನೋಂದಣಿಯನ್ನೇ ವಿಚಾರಿಸಿ. 2024ರ ಮಾರ್ಚ್ 1ರಿಂದ ನೋಂದಣಿಗೆ 2023ರ ಹೊಸ ಕಾಯ್ದೆ ಜಾರಿಯಲ್ಲಿದೆ, 1867ರ ಹಳೆಯದು ಹೋಯಿತು. ಸಂಪಾದಕರು ಒಪ್ಪದಿದ್ದರೆ ಅಥವಾ ಸುಮ್ಮನಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟವಾದ ದಿನದಿಂದ 2 ತಿಂಗಳು, ಉಳಿದವಕ್ಕೆ 4 ತಿಂಗಳು. ಸಂಪಾದಕರ ಉತ್ತರಕ್ಕೆ ಕಾಯುತ್ತಾ ಈ 2 ತಿಂಗಳು ದಾಟಿಸಬೇಡಿ, ಹತ್ತು ಹದಿನೈದು ದಿನ ನೋಡಿ ಮುಂದುವರಿಯಿರಿ. ಮೂಲ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಇದೇ ವಿಷಯ ಯಾವ ನ್ಯಾಯಾಲಯದಲ್ಲೂ ಬಾಕಿ ಇಲ್ಲ ಎಂಬ ಘೋಷಣೆ, ಇಷ್ಟನ್ನೂ ಲಗತ್ತಿಸಿ. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ಪರಿಹಾರವೂ ಸಿಗದು. ಇದನ್ನು ಮೊದಲೇ ತಿಳಿದಿದ್ದರೆ ನಿರಾಶೆಯಾಗದು.

ಟಿ.ವಿ.ಯಾದರೆ ಮೊದಲು ಚಾನೆಲ್‌ಗೆ. ಎನ್‌ಬಿಡಿಎಸ್‌ಎ (ಸುದ್ದಿ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆ) ವ್ಯಾಪ್ತಿಯ ಸದಸ್ಯ ಚಾನೆಲ್ ಆಗಿದ್ದರೆ ಪ್ರಸಾರವಾದ 7 ದಿನದೊಳಗೆ ಬರೆಯಬೇಕು. ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ, ನಿಮಿಷ ಬರೆದಿಡಿ, ತುಣುಕು ಇಳಿಸಿಟ್ಟುಕೊಳ್ಳಿ. ಆ ಸಂಸ್ಥೆಯ 1 ಲಕ್ಷ ರೂ. ದಂಡ ಸಾಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತ್ತು. ಸದಸ್ಯತ್ವ ಇಲ್ಲದ ಚಾನೆಲ್‌ಗೆ ಕೇಬಲ್ ನಿಯಮದಡಿಯ ಮೂರು ಹಂತದ ದೂರು ವ್ಯವಸ್ಥೆ ಇದೆ, ಮೊದಲ ಹಂತಕ್ಕೆ 15 ದಿನ.

ಯೂಟ್ಯೂಬ್ ವಿಚಾರದಲ್ಲಿ ಒಂದನ್ನು ಪ್ರತ್ಯೇಕಿಸಿ. ಅಂಕಿ ತಪ್ಪು, ಹೆಸರು ತಪ್ಪು ಎಂಬುದಕ್ಕೆ ದೂರು ಅಧಿಕಾರಿಗೆ ಬರೆದು ಕಾಯಬಹುದು. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಬಯಲಾಗಿದ್ದರೆ ಕಾಯುವಂತಿಲ್ಲ, ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಕಲಂ, 2 ವರ್ಷದವರೆಗೆ ಶಿಕ್ಷೆ. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ, ಅದರಲ್ಲಿ ಹೆಸರಷ್ಟೇ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಎಲ್ಲವೂ ಸೇರಿದೆ. ‘ಇಂಥ ಗ್ರಾಮದ ಪ್ರೌಢಶಾಲೆಯ 9ನೇ ತರಗತಿ ವಿದ್ಯಾರ್ಥಿನಿ, ತಂದೆ ಆಟೊ ಚಾಲಕ’ ಎಂದು ಬರೆದು ‘ಹೆಸರು ಬದಲಿಸಲಾಗಿದೆ’ ಎಂದರೆ ಏನು ಉಳಿಯಿತು? ನೂರು ಮನೆಯ ಊರಿನಲ್ಲಿ ಅಂಥ ಮಗು ಒಂದೇ ಇರುತ್ತದೆ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಹಾಸನದಲ್ಲಿ ಪೆನ್‌ಡ್ರೈವ್‌ನಲ್ಲಿ ಹರಿದಾಡಿದ ವಿಡಿಯೊಗಳಲ್ಲಿ ಹೆಣ್ಣುಮಕ್ಕಳ ಮುಖ ಮುಚ್ಚಿರಲಿಲ್ಲ. ಅಂಥದ್ದು ಫೋನಿಗೆ ಬಂದರೆ ಸಾಕ್ಷಿಗೆಂದು ಕೂಡ ಬೇರೆಯವರಿಗೆ ಕಳಿಸಬೇಡಿ. ಲಿಂಕ್, ಕಳಿಸಿದ ಸಂಖ್ಯೆ, ಸಮಯ ಬರೆದುಕೊಂಡು ಠಾಣೆಗೆ ಅಥವಾ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ.

ಡೆಸ್ಕ್_ಕಡೆಯಿಂದ:

ವಕೀಲರು ಹೇಳಿದ, ಸಂಪಾದಕರಿಗೆ ಬರೆಯುವ ಪತ್ರದ ಬಗ್ಗೆ ಒಂದು ಮಾತು. ‘ನಿಮ್ಮ ಪತ್ರಿಕೆ ಸುಳ್ಳು ಬರೆಯುತ್ತದೆ’ ಎಂದು ಶುರುವಾದ ಪತ್ರ ಡೆಸ್ಕ್‌ನಲ್ಲಿ ಬದಿಗೆ ಹೋಗುತ್ತದೆ. ಒಂದು ಪತ್ರ, ಒಂದು ತಪ್ಪು, ಒಂದು ದಾಖಲೆ. ಕೈಪಿಡಿಯಲ್ಲಿ ಈ ನಮೂನೆ ಹಾಕಿ:

‘ಸಂಪಾದಕರಿಗೆ. ದಿನಾಂಕ ....ರ ಹಾಸನ ಆವೃತ್ತಿ, ಪುಟ ...., ಕಾಲಂ ....ರಲ್ಲಿ ಪ್ರಕಟವಾದ “....” ಶೀರ್ಷಿಕೆಯ ಸುದ್ದಿಯ .... ನೇ ಪ್ಯಾರಾದಲ್ಲಿ “....” ಎಂದಿದೆ. ಇದು ಸರಿಯಲ್ಲ. ಸರಿಯಾದ ಮಾಹಿತಿ “....”. ಆಧಾರವಾಗಿ .... ಪ್ರತಿ ಲಗತ್ತಿಸಿದ್ದೇನೆ. ಅದೇ ಆವೃತ್ತಿಯ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಿ, ಜಾಲತಾಣದ ಪ್ರತಿಯಲ್ಲೂ ತಿದ್ದಿದ ದಿನಾಂಕ ನಮೂದಿಸಲು ಕೋರುತ್ತೇನೆ.’

ಜಾಲತಾಣದ ಸಾಲನ್ನು ಬಿಡಬೇಡಿ. ಅಚ್ಚಿನಲ್ಲಿ ತಿದ್ದುಪಡಿ ಬಂದರೂ ಜಾಲದಲ್ಲಿ ಹಳೆಯ ಸುದ್ದಿ ಹಾಗೇ ಇರುತ್ತದೆ, ವರ್ಷದ ಮೇಲೆ ಹುಡುಕಿದವರಿಗೆ ಸಿಗುವುದು ಅದೇ.