ನಿದ್ದಿಗೂ ಮಾರ್ಕ್ಸು

“ನಿನ್ನೆ ರಾತ್ರಿ ನಿದ್ದಿಗೆ 58 ಬಂದೈತ್ರಪಾ,” ಎಂದ ಎರ್ರಿಸ್ವಾಮಿ. ಬಳ್ಳಾರಿಯ ಮೋತಿ ಸರ್ಕಲ್ ಬದಿಯ ಬಂಡಿ. ಎಡಗೈಯಲ್ಲಿ ನಿದ್ದೆಗೆ ಅಂಕ ಕೊಡುವ ಹೊಸ ವಾಚು, ಬಲಗೈಯಲ್ಲಿ ಮೂರನೇ ಮಿರ್ಚಿ.

“ಸೆಕೆಂಡ್ ಕ್ಲಾಸು,” ಎಂದ ತಿಪ್ಪೇಸ್ವಾಮಿ.

“ಕಣ್ಣು ಮುಚ್ಚಿಕೊಂಡು ಪಾಸಾಗೋ ಸಬ್ಜೆಕ್ಟ್ ಅಂದ್ರ ಇದೊಂದ ಇತ್ತು,” ಪಂಪಾಪತಿ ಗೊಣಗಿದ. “ಅದಕ್ಕೂ ಮಾರ್ಕ್ಸ್ ಕಾರ್ಡ್ ತಂದ್ರು. ರೀವ್ಯಾಲ್ಯುಯೇಷನ್‌ಗೆ ಹಾಕೀಯೇನು?”

“ಗಡದ್ದಾಗಿ ಗೊರಕಿ ಹೊಡೀತೀನಿ ಪಂಪಣ್ಣ. ಆದ್ರೂ ಕಮ್ಮಿ ಕೊಟ್ಟೈತಿ.”

“ಗೊರಕಿ ನಿದ್ದಿ ಅಲ್ಲಲೇ, ಟ್ರಾಫಿಕ್ ಜಾಮು. ಮೂಗಿಗೆ ಎಲುಬೈತಿ, ಶ್ವಾಸನಾಳಕ್ಕ ಮೆಲ್ಲೆಲುಬಿನ ಉಂಗುರ ಅದಾವು. ನಡುವಿನ ಗಂಟಲಿಗೆ ಬರೇ ಮೆತ್ತನ್ನ ಗ್ವಾಡಿ. ನಮ್ಮ ಬೆಂಗಳೂರು ರೋಡ್ ಇದ್ದಂಗ. ಕೊಬ್ಬು ಬರೇ ಹೊಟ್ಟಿಗೆ ಹೋಗಂಗಿಲ್ಲ; ನಾಲಿಗ್ಯಾಗ, ಗಂಟಲದ ಎರಡೂ ಮಗ್ಗಲಿಗೆ ಬಂದು ಅಂಗಡಿ ಹಾಕ್ತೈತಿ. ಒತ್ತುವರಿ! ಹಗಲೊತ್ತು ಸ್ನಾಯು ಅನ್ನೋ ಪೊಲೀಸಪ್ಪ ನಿಂತು ದಾರಿ ಬಿಡಸ್ತಾನ. ರಾತ್ರಿ ನೀ ಮಲಗಿದ್ರ ಅವನೂ ಸಡ್ಲ. ಅಂಗಾತ ಮಲಗಿದ್ಯೋ, ನಾಲಿಗಿ ಹಿಂದಕ್ಕ ಜಾರಿ ಅದಿರಿನ ಲಾರಿ ಅಡ್ಡ ನಿಂತಂಗ. 10 ಸೆಕೆಂಡು ಉಸಿರು ನಿಂತ್ರ ಒಂದು ಕೇಸು. ತಾಸಿಗೆ 5 ಕೇಸಾದ್ರ ಸ್ಲೀಪ್ ಆಪ್ನಿಯಾ ಅನ್ನೋ ಜಡ್ಡು, 30 ಆದ್ರ ಭಾಳ ಜೋರು.”

“ತೆರವು ಕಾರ್ಯಾಚರಣಿ ಮಾಡಸಪ್ಪ!” ತಿಪ್ಪೇಸ್ವಾಮಿ ಕಡ್ಡಿಯಂಥ ಕಾಲು ಅಲ್ಲಾಡಿಸಿ ನಕ್ಕ.

“ನೀ ನಗಬ್ಯಾಡ. ನಿನ್ನ ಗದ್ದ ಹಿಂದಕ್ಕ ಸರದೈತಿ. ಅಂಗಡಿ ಇಲ್ದಿದ್ರೂ ರಸ್ತೀನ ಸಣ್ಣದಿದ್ರ?”

ತಿಪ್ಪೇಸ್ವಾಮಿಯ ಕಾಲು ನಿಂತಿತು.

“ಡಾಕ್ಟ್ರು ಟೇಲರ್ ಟೇಪು ಹಿಡಿದು ಕುತ್ತಿಗಿ ಅಳೀತಾರ. ಗಂಡಸ್ರಿಗೆ 17 ಇಂಚು ದಾಟಿದ್ರ ಸಂಶಯ.”

ಎರ್ರಿಸ್ವಾಮಿಯ ಕೈ ಕಾಲರಿಗೆ ಹೋಯಿತು. ಆ ಗುಂಡಿಯನ್ನು ಮದುವೆ ಫೋಟೋ ತೆಗೆದ ಮೇಲೆ ಅವನು ಹಾಕಿಯೇ ಇರಲಿಲ್ಲ.

“ಒತ್ತುವರಿ ತೆಗಿಯಾಕ ತೂಕ ಇಳಿಸ್ಬೇಕು. ಅಲ್ಲೀತನಕ ಗಾಳಿ ಒತ್ತಿ ದಾರಿ ತೆರೆಯೋ ಮಷೀನ್ ಐತಿ, 1981ರಾಗ ಆಸ್ಟ್ರೇಲಿಯಾದ ಸಲಿವನ್ ಅನ್ನೋ ಡಾಕ್ಟ್ರು ತೋರಿಸಿಕೊಟ್ಟಿದ್ದು. ಮೊದಲು ಪರೀಕ್ಷೆ ಮಾಡಿಸು. ವಾಚಿಗೇನು ಗೊತ್ತು? ಮನ್ಯಾಗ ಕೇಳು.”

“ಕೇಳೀನಿ,” ಎರ್ರಿಸ್ವಾಮಿಯ ದನಿ ಇಳಿದಿತ್ತು. “ಗೊರಕಿಗೆ ಒಗ್ಗಿಹೋಗೀನಿ ಅಂತಾಳ. ಗೊರಕಿ ನಿಂತಾಗ ಎಚ್ಚರ ಆಗ್ತೈತಂತ. ಎದ್ದು ಕುಂತು, ನನ್ನ ಎದಿ ಮ್ಯಾಲ ಕೈಯಿಟ್ಟು, ಮತ್ತ ಶುರುವಾಗೋತನಕ ಎಣಸ್ತಾಳಂತ.”

ಬಾಣಲೆಯ ಸದ್ದು ಬಿಟ್ಟರೆ ಮತ್ತೇನಿಲ್ಲ.

“ಆಕಿ ನಿದ್ದಿಗೆ ಎಷ್ಟು ಬಂದೈತಪಾ?” ಪಂಪಾಪತಿ ಮೆಲ್ಲಗೆ ಕೇಳಿದ.

ಎರ್ರಿಸ್ವಾಮಿ ಅರ್ಧ ಮಿರ್ಚಿಯನ್ನು ತಟ್ಟೆಯಲ್ಲಿಟ್ಟ. ತಿಪ್ಪೇಸ್ವಾಮಿ ಮಾತ್ರ ಒಂದು ಕೈಯಲ್ಲಿ ಗದ್ದ ಮುಟ್ಟಿ ನೋಡಿಕೊಳ್ಳುತ್ತಲೇ ಇನ್ನೊಂದು ಕೈಯಿಂದ ಅದನ್ನೆತ್ತಿಕೊಂಡ.